ಆನೆಕೊಂಡದ ಇಂಕಣ್ಣ

ಇಂಕಣ್ಣನನ್ನು ಗುರುತು ಹಿಡಿಯಲು ಮುಖ ನೋಡಬೇಕಾಗಿಲ್ಲ, ಬಲಗೈ ನೋಡಿದರೆ ಸಾಕು. ಕಿರುಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ, ಅಂಗೈಯ ಹೊರ ಅಂಚಿಗೆ ಒಂದು ಕಪ್ಪು ಪಟ್ಟಿ ಮೆತ್ತಿಕೊಂಡಿರುತ್ತದೆ. ಎಳೆದ ಗೆರೆ ಒಣಗುವ ತನಕ ಕಾಯುವ ವ್ಯವಧಾನ ಇಲ್ಲದವರಿಗೆಲ್ಲ ಬರುವ ಗುರುತು ಅದು. ದಾವಣಗೆರೆಯಲ್ಲಿ ಈ ಪೈಕಿಯವರು ಬಡಾವಣೆಗೊಬ್ಬರಾದರೂ ಸಿಗುತ್ತಾರೆ. ವಿದ್ಯಾನಗರದವನು ಬ್ಯಾಂಕಿನವನು, ಪಿ.ಜೆ. ಬಡಾವಣೆಯವನು ಕಾಲೇಜು ಮೇಷ್ಟ್ರು. ನಮ್ಮ ಆನೆಕೊಂಡದ ಪಾಲಿಗೆ ಬಂದವನು ಇಂಕಣ್ಣ. ರೇಷನ್ ಕಾರ್ಡಿನಲ್ಲಿ ಬೇರೆ ಹೆಸರಿದೆ. ಓಣಿಯಲ್ಲಿ ಅದನ್ನು ಕೇಳಿಕೊಂಡು ಬಂದವರಿಗೆ ಮನೆ ಸಿಕ್ಕಿದ್ದಿಲ್ಲ.

ಊರಿಗೆ ಚಿತ್ರಗಾರರ ಬರವೇನೂ ಇಲ್ಲ. 1964ರಲ್ಲಿ ಶುರುವಾದ ದೃಶ್ಯಕಲಾ ಮಹಾವಿದ್ಯಾಲಯ ಇಲ್ಲೇ ಇದೆ, ಅಲ್ಲಿ ಕಲಿತವರು ನಾಡಿನ ತುಂಬ ಇದ್ದಾರೆ. ಅವರೆಲ್ಲ ಚಿತ್ರ ಬರೆಯುತ್ತಾರೆ. ಇಂಕಣ್ಣ ಚಿತ್ರ ಬರೆಯಲು ತಯಾರಿ ಮಾಡಿಕೊಳ್ಳುತ್ತಾನೆ. ಆ ತಯಾರಿಯಲ್ಲಿ ಅವನನ್ನು ಮೀರಿಸುವವರು ಹರಿಹರದ ಹೊಳೆಯವರೆಗೂ ಸಿಗಲಿಕ್ಕಿಲ್ಲ.

ಹಗಲು ಅವನಿಗೆ ಸರ್ಕಾರಿ ಕೆಲಸ. ಇಲಾಖೆ ಯಾವುದೆಂದು ಹೇಳುವುದಿಲ್ಲ, ನಾಳೆ ನನಗೂ ಅಲ್ಲಿ ಕೆಲಸ ಬೀಳಬಹುದು. ಅಲ್ಲಿ ಅವನ ಮೇಜಿನ ಮೇಲೆ ಏಳೆಂಟು ಸೀಲುಗಳ ಒಂದು ಸ್ಟ್ಯಾಂಡು, ಪಕ್ಕದಲ್ಲಿ ನೇರಳೆ ಪ್ಯಾಡು. ಜನ ಒಂದು ಸೀಲಿಗಾಗಿ ಎರಡೆರಡು ಸಲ ಬಂದು ನಿಂತರೂ ಅವನ ಕೈ ಏಳುವುದಿಲ್ಲ. ಸಂಜೆ ಮನೆಗೆ ಬಂದವನು ಅಂಗಿ ಬಿಚ್ಚುವ ಮೊದಲೇ ಇನ್ನೊಂದು ಪೆಟ್ಟಿಗೆ ತೆಗೆದು, ಹೂವು, ಎಲೆ, ಗುಬ್ಬಿ, ಆನೆ ಅಂತ ತಾನೇ ತಾನಾಗಿ ಸೀಲು ಹೊಡೆಯಲು ಕೂರುತ್ತಾನೆ. ಅವನ ಹೆಂಡತಿ ಒಮ್ಮೆ ಕೇಳಿಯೇಬಿಟ್ಟಳು: "ಏನ್ರೀ, ಇದೇ ಉತ್ಸಾಹ ಆಫೀಸಿನಾಗ ತೋರಿಸಿದ್ರ ಇಷ್ಟೊತ್ತಿಗೆ ಪ್ರಮೋಷನ್ ಆಗ್ತಿರ್ಲಿಲ್ವಾ?" ಇಂಕಣ್ಣ ಗುಬ್ಬಿಯ ಬಾಲದಿಂದ ಕಣ್ಣೆತ್ತದೆ, "ಅದು ಸರ್ಕಾರದ್ದು, ಇದು ಕಲೆ" ಅಂದ.

ರಕ್ತದಲ್ಲೂ ಇದೆ ಅನ್ನಿ. ದಾವಣಗೆರೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಕಾಲದಲ್ಲಿ ಅವನ ಅಪ್ಪ ಮಿಲ್ಲಿನಲ್ಲಿ ಬೇಲುಗಳ ಮೇಲೆ ಮಾರ್ಕಾ ಹೊಡೆಯುತ್ತಿದ್ದವರು. ತಗಡಿನ ಅಚ್ಚು ಇಟ್ಟು ಕುಂಚ ಎಳೆದರೆ ನಂಬರು ಮೂಡಬೇಕು, ಅಷ್ಟೇ. ಅವರಿಗೆ ಅದು ಕೂಲಿ. ಮಗನಿಗೆ ಹವ್ಯಾಸ. ಸಂಬಳ ಬರುತ್ತಿದ್ದ ಕೆಲಸ ಒಂದೇ ತಲೆಮಾರಿನಲ್ಲಿ ಸಂಬಳ ತಿನ್ನುವ ಕೆಲಸವಾಯಿತು.

ಶಾಯಿ ವಿಷಯಕ್ಕೆ ಬರೋಣ. ಅದ್ದಿ ಬರೆಯುವ ನಿಬ್ಬಿಗೆ ಅಂಗಡಿಯಿಂದ ಬರುವಾಗ ತುಕ್ಕು ಹಿಡಿಯದಿರಲಿ ಎಂದು ತೆಳ್ಳಗೆ ಎಣ್ಣೆ ಸವರಿರುತ್ತಾರೆ. ಅದನ್ನು ತೆಗೆಯದಿದ್ದರೆ ಶಾಯಿ ನಿಬ್ಬಿನ ಮೇಲೆ ನಿಲ್ಲದೆ ಹನಿ ಕಟ್ಟಿ ತೊಟಕ್ಕೆಂದು ಹಾಳೆಗೆ ಬೀಳುತ್ತದೆ. ತೆಗೆಯಲು ಹಳೆಯ ಉಪಾಯ ಒಂದಿದೆ: ನಿಬ್ಬನ್ನು ಹಸಿ ಆಲೂಗಡ್ಡೆಗೆ ಸ್ವಲ್ಪ ಹೊತ್ತು ಚುಚ್ಚಿಡುವುದು. ಇದು ಗೊತ್ತಾದ ದಿನದಿಂದ ಅವರ ಮನೆಯ ಈರುಳ್ಳಿ ಬುಟ್ಟಿಯಲ್ಲಿರುವ ಆಲೂಗಡ್ಡೆಗಳಿಗೆಲ್ಲ ಕಿವಿ ಚುಚ್ಚಿದ ಗುರುತು. ಕೆಲವು ಅರ್ಧ ಕೊಯ್ದು ಅಚ್ಚು ಕೆತ್ತಿಸಿಕೊಂಡಿರುತ್ತವೆ. ಪಲ್ಯದಲ್ಲಿ ಒಮ್ಮೆ ನಕ್ಷತ್ರದ ಆಕಾರದ ಹೋಳು ಬಂದಾಗ ಮಕ್ಕಳಿಗೆ ಖುಷಿಯಾಯಿತು. ಅದರ ಒಂದು ಮಗ್ಗುಲು ನೀಲಿ ಇದ್ದದ್ದು ಅಮ್ಮನ ಕಣ್ಣಿಗೆ ಬಿತ್ತು. ಈಗ ಆಲೂಗಡ್ಡೆ ಮನೆಗೆ ಎರಡು ಚೀಲದಲ್ಲಿ ಬರುತ್ತದೆ, ಒಂದು ಅಡುಗೆಗೆ, ಒಂದು ಕಲೆಗೆ.

ನಿಬ್ಬಿನ ಎಣ್ಣೆ ತೆಗೆಯಲು ಇಷ್ಟು ಸಾಹಸಪಡುವವನು ಬೆರಳಿನ ಎಣ್ಣೆಯ ಬಗ್ಗೆ ಮಾತ್ರ ಚಿಂತಿಸಿದ್ದು ಕಾಣೆ. ನಮ್ಮೂರಲ್ಲಿ ಸಂಜೆ ಆರಕ್ಕೆ ಮಂಡಕ್ಕಿ ಮಿರ್ಚಿ ತಿನ್ನದೆ ಕುಂಚ ಹಿಡಿಯುವ ಗಂಡಸು ಯಾರಿದ್ದಾನೆ? ಭಾನುವಾರ ಬೆಳಿಗ್ಗೆಯಾದರೆ ಬೆಣ್ಣೆದೋಸೆ. ಆ ಕೈಯನ್ನು ಎಷ್ಟು ಒರೆಸಿದರೂ ಹಾಳೆಯ ಮೂಲೆಯಲ್ಲಿ ಹೆಬ್ಬೆರಳಿನ ಒಂದು ಅಚ್ಚು ಕೂರುತ್ತದೆ. ಶಾಯಿ ಅಲ್ಲಿಗೆ ಬಂದು ಹಿಂದೆ ಸರಿಯುತ್ತದೆ, ಗೆರೆ ನಡುವೆ ತುಂಡಾಗುತ್ತದೆ. ಹಾಳೆ ಎತ್ತಿ ಬೆಳಕಿಗೆ ಹಿಡಿದರೆ ಆ ಜಾಗದಿಂದ ಎದುರುಮನೆ ಕಿಟಕಿ ಕಾಣುತ್ತದೆ. ದಾವಣಗೆರೆಯ ಕಲಾವಿದನ ಸಹಿ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಮೂಲೆ ತೋರಿಸುತ್ತೇನೆ.

ಇನ್ನು ಮಾರ್ಕರು. ಇಂಕಣ್ಣನ ಕನಸಿನಲ್ಲಿ ಬರುವುದು ಜಪಾನಿನ ಕಾಪಿಕ್ ಸ್ಕೆಚ್, ಅದರಲ್ಲಿ 358 ಬಣ್ಣ. ಬೆಲೆಯನ್ನು ಅವನು ರೂಪಾಯಿಯಲ್ಲಿ ಹೇಳುವುದಿಲ್ಲ, ಬೆಣ್ಣೆದೋಸೆಯಲ್ಲಿ ಹೇಳುತ್ತಾನೆ. ಕೇಳಿದವರಿಗೆ ಹೊಟ್ಟೆ ತುಂಬಿ ಸಂಕಟವಾಗುತ್ತದೆ. ಅವನ ಬಳಿ ಕಾಪಿಕ್ಕಿನ ನಾಲ್ಕಾರು ಇವೆ, ಉಳಿದವು ಅಗ್ಗದವು. ಮಾರ್ಕರಿನ ಮುಚ್ಚಳ ತೋರಿಸುವ ಬಣ್ಣವೇ ಬೇರೆ, ಹಾಳೆಯ ಮೇಲೆ ಬೀಳುವ ಬಣ್ಣವೇ ಬೇರೆ. ಹಾಗಾಗಿ ಹೊಸ ಮಾರ್ಕರು ಬಂದಾಗೆಲ್ಲ ಚೌಕ ಚೌಕ ಗೀಟು ಹಾಕಿ, ಒಂದೊಂದು ಚೌಕಕ್ಕೆ ಒಂದೊಂದು ಬಣ್ಣ ತುಂಬಿ, ಕೆಳಗೆ ನಂಬರು ಬರೆದು ಪಟ್ಟಿ ಮಾಡಬೇಕು. ಇನ್ನೊಂದು ಮಾರ್ಕರು ಬಂದರೆ ಪಟ್ಟಿಯ ಸಾಲು ತಪ್ಪುತ್ತದೆ, ಮೊದಲಿಂದ ಹೊಸ ಪಟ್ಟಿ. ಅವನ ಫೈಲಿನಲ್ಲಿ ಮುಗಿಸಿದ ಚಿತ್ರ ಹುಡುಕಿದರೆ ಈ ಪಟ್ಟಿಗಳೇ ಸಿಗುತ್ತವೆ. ನಿಜ ಹೇಳಬೇಕೆಂದರೆ ಅವೇ ಚೆನ್ನಾಗಿವೆ.

ಕಾಪಿಕ್ಕಿನಲ್ಲಿ ಬಣ್ಣಕ್ಕೆ ಅಕ್ಷರ ಮತ್ತು ಅಂಕಿಯ ಗುರುತಿದೆ: ಅಕ್ಷರ ಬಣ್ಣದ ಕುಲ, ಕೊನೆಯ ಅಂಕಿ ಅದು ಎಷ್ಟು ತಿಳಿ ಎಷ್ಟು ಗಾಢ ಎಂದು ಹೇಳುತ್ತದೆ. ಇದನ್ನು ಬಾಯಿಪಾಠ ಮಾಡಿದ ಮೇಲೆ ಇಂಕಣ್ಣನ ಕಣ್ಣಿಗೆ ಲೋಕವೆಲ್ಲ ನಂಬರಾಯಿತು. ಹಬ್ಬಕ್ಕೆ ಸೀರೆ ತೆಗೆಯಲು ಹೋದಾಗ ಹೆಂಡತಿ ಎತ್ತಿದ ಸೀರೆ ನೋಡಿ, "ಆರ್‌ವಿ ಸೊನ್ನೆ ನಾಲ್ಕು, ಒಪ್ಪುತ್ತೆ ನಿನಗೆ" ಅಂದನಂತೆ. ಜವಳಿ ಅಂಗಡಿಯ ಹುಡುಗ ಬೆಪ್ಪಾಗಿ ನೋಡಿ, "ಅಣ್ಣಾ, ಅದು ರಾಣಿ ಬಣ್ಣ" ಅಂದ. ಆ ಹುಡುಗ ಅದೇ ಉಸಿರಿನಲ್ಲಿ ಗಿಣಿ ಹಸಿರು, ಆನಂದ ನೀಲಿ, ನಶ್ಯದ ಬಣ್ಣ, ಈರುಳ್ಳಿ ಸಿಪ್ಪೆ ಬಣ್ಣ ಅಂತ ಸೀರೆ ಬಿಡಿಸುತ್ತ ಹೋದ. ಪಟ್ಟಿ ಇಲ್ಲ, ನಂಬರಿಲ್ಲ. ಇಂಕಣ್ಣ ಅವತ್ತು ರಾತ್ರಿ ಸ್ವಲ್ಪ ಮಂಕಾಗಿದ್ದ.

ಅವನ ಜೀವನದ ದೊಡ್ಡ ಪ್ರಯತ್ನ ನಡೆದದ್ದು ಹರಿಹರದಲ್ಲಿ. ಬಸ್ಸು ಹತ್ತಿದರೆ ಸುಮಾರು 14 ಕಿಲೋಮೀಟರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿ ಅಲ್ಲಿದೆ. ಬಲ ಅರ್ಧ ಹರ, ಎಡ ಅರ್ಧ ಹರಿ. ಗುಡಿ ಮುಂದೆ ಮಾರುವ ಪಟವೊಂದನ್ನು ಎದುರಿಗಿಟ್ಟುಕೊಂಡು, ಮಂಟಪದ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಇಂಕಣ್ಣ ಬರೆದೇ ಬರೆದ. ಜಟೆ, ಕಿರೀಟ, ತ್ರಿಶೂಲ, ಚಕ್ರ, ಎಲ್ಲವೂ ಉಸಿರು ಬಿಗಿಹಿಡಿದು ಎಳೆದ ಗೆರೆ. ಸುತ್ತ ಹುಡುಗರು ನೆರೆದಿದ್ದರು. ಗೆರೆ ಒಣಗಲಿ ಎಂದು ಹುಟ್ಟಿ ಬೆಳೆದಾಗಿನಿಂದ ಮೊದಲ ಬಾರಿಗೆ ಕಾದ. ಕಾದು, ಹರಿಯ ಭಾಗಕ್ಕೆ ನೀಲಿ ಮಾರ್ಕರು ಹಚ್ಚಿದ.

ಇಲ್ಲಿ ಒಂದು ಸೂಕ್ಷ್ಮ ಇದೆ. ಹಲವು ಇಂಡಿಯನ್ ಇಂಕುಗಳಲ್ಲಿ ಮಸಿಯನ್ನು ಹಾಳೆಗೆ ಕಚ್ಚಿಸುವುದು ಅರಗು. ಒಣಗಿದ ಅರಗು ನೀರಿಗೆ ಜಗ್ಗುವುದಿಲ್ಲ, ಅದಕ್ಕೇ ಬಾಟಲಿಯ ಮೇಲೆ ವಾಟರ್‌ಪ್ರೂಫ್ ಎಂದಿರುತ್ತದೆ. ಆದರೆ ಮಾರ್ಕರಿನ ಒಳಗಿರುವುದು ನೀರಲ್ಲ, ಸ್ಪಿರಿಟ್ಟು. ಅರಗು ಕರಗುವುದೇ ಅದರಲ್ಲಿ. ನೀರಿಗೆ ಬಗ್ಗದ್ದು ಸ್ಪಿರಿಟ್ಟಿಗೆ ಬಗ್ಗುವುದು ನಮ್ಮ ಕಡೆ ಹೊಸ ಸಂಗತಿಯಲ್ಲ, ಆದರೂ ಇಂಕಣ್ಣನಿಗೆ ಅದು ಹೊಳೆದಿರಲಿಲ್ಲ. ಚಕ್ರದ ಅಂಚು ಕದಡಿತು. ನಡುವಿನ ಗೆರೆ ಮಸುಕಾಯಿತು. ಮಾರ್ಕರಿನ ನೀಲಿ ಹರಿಯ ಎದೆ ದಾಟಿ, ಕಪ್ಪನ್ನೂ ಎಳೆದುಕೊಂಡು, ಹರನ ಬಿಳಿ ಮೈಗೆ ನಿಧಾನವಾಗಿ ಹಬ್ಬಿತು. ಎಲ್ಲಿ ಹರಿ ಮುಗಿದ, ಎಲ್ಲಿ ಹರ ಶುರುವಾದ ಎಂದು ಹೇಳುವಂತಿರಲಿಲ್ಲ. ಕಂಬಕ್ಕೊರಗಿ ಕೂತಿದ್ದ ಅಜ್ಜ ಒಬ್ಬರು ಕತ್ತು ಚಾಚಿ ನೋಡಿ, "ಇರ್ಲಿ ಬಿಡಪಾ, ಇಬ್ರೂ ಒಂದೇ ಅಂತ ತೋರ್ಸಾಕ ಈ ಗುಡಿ ಕಟ್ಸ್ಯಾರ. ನಿನಗ ಜಲ್ದಿ ಬಂದೈತಿ" ಅಂದರು. ಇದನ್ನು ಹೊಗಳಿಕೆ ಎಂದೇ ಇಂಕಣ್ಣ ಇವತ್ತಿಗೂ ಹೇಳಿಕೊಳ್ಳುತ್ತಾನೆ.

ಅವನ ಮನೆಯ ಮಹಡಿಯಲ್ಲಿ ಮೆಡಿಕಲ್ ಓದುವ ಹುಡುಗರು ಬಾಡಿಗೆಗಿದ್ದಾರೆ. ಚಿತ್ರ ಬರೆಯುವ ಓನರು ಸಿಕ್ಕ ಮೇಲೆ ಅವರು ರೆಕಾರ್ಡು ಬುಕ್ಕು ಹಿಡಿದು ಇಳಿಯದೆ ಇರುತ್ತಾರೆಯೇ? ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಗುಲಾಬಿ, ನೇರಳೆ ಬಣ್ಣದಲ್ಲಿ ಬಿಡಿಸಬೇಕು. ಪೆನ್ಸಿಲ್ ಸಾಕಿತ್ತು. ಇಂಕಣ್ಣ ಮಾರ್ಕರು ತೆಗೆದ. ಮೂತ್ರಪಿಂಡ ಅದ್ಭುತವಾಗಿ ಬಂತು, ಎಷ್ಟು ಅದ್ಭುತವೆಂದರೆ ಹಾಳೆಯ ಹಿಂಬದಿಗೂ ಇಳಿದು, ಅದರ ಕೆಳಗಿನ ಹಾಳೆಯಲ್ಲಿ ಆಗಲೇ ಸಹಿಯಾಗಿದ್ದ ಯಕೃತ್ತಿನ ಮೇಲೂ ಕಾಣಿಸಿಕೊಂಡಿತು. ಹುಡುಗರು ಬಾಡಿಗೆ ಮಾತ್ರ ಸರಿಯಾದ ದಿನಕ್ಕೆ ಕೊಡುತ್ತಾರೆ, ಚಿತ್ರಕ್ಕೆ ಇಳಿಯುವುದಿಲ್ಲ.

ಅಮೆರಿಕದ ಜೇಕ್ ಪಾರ್ಕರ್ ಎಂಬ ಚಿತ್ರಗಾರ 2009ರಲ್ಲಿ ಇಂಕ್ಟೋಬರ್ ಎಂಬುದನ್ನು ಶುರು ಮಾಡಿದ: ಅಕ್ಟೋಬರ್ ತಿಂಗಳಿಡೀ ದಿನಕ್ಕೊಂದು ಶಾಯಿ ಚಿತ್ರ. ಇಂಕಣ್ಣ ವರ್ಷವೂ ಸಂಕಲ್ಪ ಮಾಡುತ್ತಾನೆ. ಆದರೆ ಪಾರ್ಕರನಿಗೆ ಆಯುಧಪೂಜೆ ಗೊತ್ತಿರಲಿಲ್ಲ. ಬಹುಪಾಲು ವರ್ಷ ಅದು ಬರುವುದೂ ಅದೇ ತಿಂಗಳಲ್ಲಿ. ನಿಬ್ಬು, ಮಾರ್ಕರು, ಸೀಲು ಎಲ್ಲವೂ ಸ್ಕೂಟರಿನ ಜೊತೆ ವಿಭೂತಿ ಕುಂಕುಮ ಹಚ್ಚಿಸಿಕೊಂಡು ಕೂರುತ್ತವೆ. ಪೂಜೆಗಿಟ್ಟದ್ದನ್ನು ಮುಟ್ಟುವಂತಿಲ್ಲ. ಒಂದು ದಿನ ತಪ್ಪಿತು ಎಂಬ ನೆಪ ಸಾಕು, ಉಳಿದ ತಿಂಗಳು ಅವನು ಬಣ್ಣದ ಪಟ್ಟಿಗೆ ಮರಳುತ್ತಾನೆ.

ಸೀಲಿನ ಕಥೆ ಬೇಗ ಹೇಳುತ್ತೇನೆ. ರಬ್ಬರಿನಲ್ಲಿ "ಶುಭಾಶಯ" ಎಂದು ಅವನೇ ಕೆತ್ತಿದ. ಅಚ್ಚಿನಲ್ಲಿ ಅಕ್ಷರ ತಿರುಗಿಸಿ ಕೆತ್ತಬೇಕೆಂಬುದು ಹೊಡೆದ ಮೇಲೆ ನೆನಪಾಯಿತು. ಪಕ್ಕದ ಮನೆಯವರು ನೋಡಿ, "ತೆಲುಗಿನಾಗ ಯಾಕ ಬರ್ದೀಯಪ್ಪ?" ಅಂದರು. ಆಮೇಲೆ ಕೋರ್ಟಿನ ಬಳಿ ಸೀಲು ಮಾಡುವ ಅಂಗಡಿಗೆ ಹೋಗಿ ಆನೆಯ ಚಿತ್ರ ಕೊಟ್ಟ. ದಿನವಿಡೀ ಸಂಘ ಸಂಸ್ಥೆಗಳ ಸೀಲು ಮಾಡುವ ಅಂಗಡಿಯವನಿಗೆ ಬರೀ ಆನೆ ಕೊಡಲು ಕೈ ಬರಲಿಲ್ಲ. ಸುತ್ತ ಒಂದು ವೃತ್ತ ಹಾಕಿ, ಆನೆಯ ಕಾಲ ಬುಡದಲ್ಲಿ "ಗೌರವ ಕಾರ್ಯದರ್ಶಿ" ಎಂದು ಸೇರಿಸಿದ. ಆ ವರ್ಷ ಓಣಿಯವರಿಗೆಲ್ಲ ಆನೆಯ ಅಧಿಕೃತ ಯುಗಾದಿ ಶುಭಾಶಯ ತಲುಪಿತು.

ಇಷ್ಟೆಲ್ಲ ಸೋತವನು ಒಂದೇ ಕಡೆ ಗೆದ್ದದ್ದನ್ನು ಹೇಳದಿದ್ದರೆ ಅನ್ಯಾಯವಾದೀತು. ಲೋಕಸಭಾ ಚುನಾವಣೆಯಲ್ಲಿ ಅವನಿಗೆ ಮತಗಟ್ಟೆ ಡ್ಯೂಟಿ ಬಿತ್ತು, ಅದೂ ಬೆರಳಿಗೆ ಶಾಯಿ ಹಚ್ಚುವ ಕೆಲಸ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆಯ ಶಾಯಿ, 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆ ಹತ್ತುತ್ತಿರುವುದು. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಹಚ್ಚಿದಾಗ ನೇರಳೆ, ಬೆಳಕು ತಾಗಿದಂತೆ ಕಪ್ಪು, ಉಜ್ಜಿದರೆ ಹೋಗದು, ಸ್ಪಿರಿಟ್ಟಿಗೂ ಬಗ್ಗದು. ಇಂಕಣ್ಣ ಜನ್ಮವಿಡೀ ಹುಡುಕುತ್ತಿದ್ದ ಶಾಯಿಯನ್ನು ಸರ್ಕಾರವೇ ಕೈಗಿಟ್ಟಿತ್ತು. ಎಡಗೈ ತೋರುಬೆರಳು ಹಿಡಿದು, ಉಗುರಿನ ತುದಿಯಿಂದ ಮೊದಲ ಗಿಣ್ಣಿನವರೆಗೆ, ಮೇಲೆ ಸಣ್ಣ, ನಡುವೆ ದಪ್ಪ, ಕೊನೆಗೆ ಮತ್ತೆ ಸಣ್ಣ. ಅಜ್ಜಿಯರಿಗೆ ಬೆಳ್ಳಿಯ ಗುಣ ವಿವರಿಸಿದ. ಸಾಲು ಶಾಲೆಯ ಗೇಟು ದಾಟಿತು. ಮತಗಟ್ಟೆ ಅಧಿಕಾರಿ ಎದ್ದು ಬಂದು, "ಏನ್ರೀ, ಗುರುತು ಹಾಕ್ತಿದ್ದೀರೋ ಚಿತ್ರ ಬರೀತಿದ್ದೀರೋ?" ಎಂದು ಗದರಿದರು. ಸಂಜೆಯ ಹೊತ್ತಿಗೆ ನೂರಾರು ಬೆರಳು ಮುಗಿದಿದ್ದವು. ಒಂದೂ ಕದಡಲಿಲ್ಲ, ಒಂದೂ ಹಿಂಬದಿಗೆ ಇಳಿಯಲಿಲ್ಲ. ಶುರು ಮಾಡಿದ್ದನ್ನು ಇಂಕಣ್ಣ ಮುಗಿಸಿದ್ದು ಅವತ್ತೊಂದೇ ದಿನ. ಹಬ್ಬಕ್ಕೆ ಬಂದ ನೆಂಟರಿಗೆಲ್ಲ ಓಣಿಯವರ ಬೆರಳು ತೋರಿಸಿ, "ನನ್ನ ಕೆಲಸ" ಅನ್ನುತ್ತಿದ್ದ, ಉಗುರು ಬೆಳೆದು ಹೋಗುವ ತನಕ.

ಈಗ ಮತ್ತೆ ಕಾರ್ಡುಗಳ ಕಾಲ. ಮದುವೆ, ಗೃಹಪ್ರವೇಶ, ನಾಮಕರಣ ಯಾವುದಕ್ಕೇ ಕರೆದರೂ ಅವನು ಮುಯ್ಯಿ ಕವರಿನ ಜೊತೆ ಕೈಯಿಂದ ಬಿಡಿಸಿದ ಕಾರ್ಡು ಇಟ್ಟುಕೊಂಡೇ ಬರುತ್ತಾನೆ, ಬರುವ ದಾರಿಯಲ್ಲಿ ಕೊನೆಯ ಗೆರೆ ಎಳೆದಿರುತ್ತಾನೆ. ನಿಮ್ಮ ಮನೆಗೂ ಬಂದಾನು. ಬಿಳಿ ಪಂಚೆ ಉಟ್ಟಿದ್ದರೆ ಕಾರ್ಡನ್ನು ತಟ್ಟೆಯಲ್ಲಿ ಇಸಿದುಕೊಳ್ಳಿ, ಕೈ ಕುಲುಕಬೇಡಿ, ದೂರದಿಂದಲೇ ಶರಣು ಅನ್ನಿ.