ಹೊಗೆಯ ಜೋಯಿಸರು

ಮನುಷ್ಯರ ಜಾತಕವನ್ನು ನೋಡುವವರು ನಮ್ಮಲ್ಲಿ ಬೀದಿಗೊಬ್ಬರಿರುವಂತೆ, ಹಳೆಯ ಡೀಸೆಲ್ ಕಾರಿನ ಜಾತಕವನ್ನು ಅದರ ಹೊಗೆಯಿಂದಲೇ ಓದಿ, ಗತವನ್ನು ವಿವರಿಸಿ, ಭವಿಷ್ಯವನ್ನು ಎಚ್ಚರಿಸಿ, ಶಾಂತಿಪರಿಹಾರಗಳನ್ನೂ ಸೂಚಿಸತಕ್ಕ ಮಹನೀಯರು ಬಡಾವಣೆಗೊಬ್ಬರಾದರೂ ಇದ್ದೇ ಇರುವರು. ಇವರು ಮೆಕ್ಯಾನಿಕ್ಕುಗಳಲ್ಲ, ಮೆಕ್ಯಾನಿಕ್ಕಿನ ಅಂಗಿಗೆ ಗ್ರೀಸು ಹತ್ತುತ್ತದೆ, ಇವರ ಪಂಚೆ ಮಾತ್ರ ಸದಾ ಶುಭ್ರ. ಯಾವುದೋ ಕಚೇರಿಯಲ್ಲಿ ಆಯುಷ್ಯವೆಲ್ಲ ಅನ್ಯರ ಲೆಕ್ಕಪತ್ರಗಳನ್ನು ತಪಾಸಣೆ ಮಾಡಿ ನಿವೃತ್ತರಾದ ಬಳಿಕ, ತಪ್ಪು ಹಿಡಿಯುವ ವಿದ್ಯೆ ಕರತಲಾಮಲಕವಾಗಿಯೇ ಉಳಿದು, ಹಿಡಿಯಲು ತಪ್ಪುಗಳು ಸಾಲದೆ ಬಂದಾಗ, ಅವರ ದೃಷ್ಟಿ ಸಹಜವಾಗಿಯೇ ನೆರೆಮನೆಯ ಷೆಡ್ಡಿನ ಕಡೆಗೆ ಹೊರಳುತ್ತದೆ. ಜಯನಗರದಲ್ಲಿ ಅಂಥದೊಂದು ಷೆಡ್ಡಿಗೆ ನಾನು ಯಜಮಾನನಾಗಿದ್ದೆ.

ಈ ಶಾಸ್ತ್ರದ ಮೂಲಸೂತ್ರ ಮೂರು ಬಣ್ಣಗಳಲ್ಲಿ ಅಡಗಿದೆ. ಹೊಗೆ ಕಪ್ಪಾಗಿದ್ದರೆ ಗಾಳಿಗಿಂತ ಡೀಸೆಲ್ ಮಿಗಿಲಾಗಿದೆ, ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ನೋಝಲ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿದೆ. ನೀಲಿಯಾಗಿದ್ದರೆ ಎಂಜಿನು ತನ್ನ ಆಯಿಲನ್ನು ತಾನೇ ಕುಡಿಯುತ್ತಿದೆ. ಬಿಳಿದಾಗಿದ್ದು ಕಣ್ಣುರಿಸುವಂತಿದ್ದರೆ ಡೀಸೆಲ್ ಉರಿಯದೆಯೇ ಹೊರಬೀಳುತ್ತಿದೆ, ಬಹುಶಃ ಕಂಪ್ರೆಷನ್ ಕುಂದಿದೆ. ಇಷ್ಟನ್ನು ಅರಿತವರು ಅರಿತು ಸುಮ್ಮನಿರಬಹುದಾಗಿತ್ತು. ಆದರೆ ನಮ್ಮ ನೆರೆಮನೆಯ ರಾಯರು ಬೆಳಗಿನ ವಾಯುವಿಹಾರದಲ್ಲಿ ಅಪರಿಚಿತನ ಟೆಂಪೋವನ್ನು ಕೈಯಡ್ಡ ಹಿಡಿದು ನಿಲ್ಲಿಸಿ, “ಸ್ವಾಮೀ, ನಿಮ್ಮ ರಿಂಗು ಹೋಗಿದೆ” ಎಂದು ತಿಳಿಸಿ, ಆತ ತನ್ನ ಬೆರಳನ್ನು ನೋಡಿಕೊಳ್ಳುವಷ್ಟರಲ್ಲಿ ಮುಂದೆ ನಡೆದುಬಿಡುವರು.

ನನ್ನ ಷೆಡ್ಡಿನಲ್ಲಿದ್ದುದು ಮಾವನವರು ಬಿಟ್ಟುಹೋದ ಡೀಸೆಲ್ ಅಂಬಾಸಿಡರ್. 1489 ಸಿ.ಸಿ.ಯ, ನಾಲ್ಕು ಸಿಲಿಂಡರುಗಳ, ಸುಮಾರು 37 ಅಶ್ವಶಕ್ತಿಯ ಎಂಜಿನು. ಆ ಅಶ್ವಗಳಲ್ಲಿ ಎಷ್ಟು ಇನ್ನೂ ಜೀವಂತವಾಗಿವೆಯೆಂಬುದೇ ಪ್ರಶ್ನೆ. ಹೊಸ ಬ್ಯಾಟರಿಯೊಂದನ್ನು ಕೂರಿಸಿ, ಕೀ ತಿರುಗಿಸಿ ನೋಡಿಯೇ ಬಿಡೋಣವೆಂದು ನಾನು ಸಿದ್ಧನಾಗುತ್ತಿದ್ದಂತೆ ಕಾಂಪೌಂಡಿನ ಆಚೆಯಿಂದ “ಮುಟ್ಟಬೇಡಿ!” ಎಂಬ ಆರ್ತನಾದ ಕೇಳಿತು. ನನ್ನ ಮುಂದಿನ ಕಷ್ಟಗಳೆಲ್ಲ ಈ ಒಂದು ಮಾತಿನಿಂದ ಹುಟ್ಟಿದವು. ಎಂಜಿನಿಗೆ ಜೀವ ಬರಿಸುವುದು ಎಂದರೆ ಅದನ್ನು ಸ್ಟಾರ್ಟ್ ಮಾಡುವುದು ಎಂದು ನಾನು ತಿಳಿದಿದ್ದರೆ, ಅದನ್ನು ಎಷ್ಟು ಕಾಲ ಸ್ಟಾರ್ಟ್ ಮಾಡದಿರಬಹುದು ಎಂಬುದನ್ನೇ ರಾಯರು ವಿದ್ವತ್ತಿನ ಅಳತೆಗೋಲೆಂದು ತಿಳಿದಿದ್ದರು.

ಅವರ ವಾದಕ್ಕೆ ಎದುರಾಡುವಂತೆಯೂ ಇರಲಿಲ್ಲ. ವರ್ಷಗಟ್ಟಲೆ ನಿಂತ ಎಂಜಿನಿನಲ್ಲಿ ಆಯಿಲೆಲ್ಲ ತಳಕ್ಕಿಳಿದು ಸಿಲಿಂಡರಿನ ಗೋಡೆ ಒಣಗಿರುತ್ತದೆ. ರಿಂಗುಗಳು ತುಕ್ಕಿನಿಂದ ಕಚ್ಚಿಕೊಂಡಿರಬಹುದು. ಅವಸರದಿಂದ ಕೀ ತಿರುಗಿಸಿದರೆ ಮುರಿಯುವುದು ರಿಂಗೋ ಬೋರೋ ಎಂಬುದು ನಮ್ಮ ಅದೃಷ್ಟಕ್ಕೆ ಬಿಟ್ಟದ್ದು. ಆದ್ದರಿಂದ ನೋಝಲ್ಲುಗಳನ್ನು ಬಿಚ್ಚಿಸಿ, ಒಳಕ್ಕೆ ಎಣ್ಣೆ ಹನಿಸಿ, ನೆನೆಯಲು ಬಿಟ್ಟು, ಅನಂತರ ಕ್ರ್ಯಾಂಕಿನ ಪುಲ್ಲಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಒಂದು ಸುತ್ತು ತಿರುಗಿಸಿ, ಅದು ತಿರುಗಿತೆಂದು ಸಂತೋಷಪಟ್ಟು, ಮರಳಿ ಎಣ್ಣೆ ಹನಿಸಿ ಕಾಯತಕ್ಕದ್ದು. ಕಾಯುವ ಈ ಅವಧಿಯಲ್ಲಿ ರಾಯರು ನಮ್ಮ ಜಗಲಿಯಲ್ಲಿ ಕುಳಿತು, ರುಡಾಲ್ಫ್ ಡೀಸೆಲ್ ಮಹಾಶಯನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ತನ್ನ ಎಂಜಿನನ್ನು ಹೇಗೆ ಓಡಿಸಿ ತೋರಿಸಿದನೆಂಬುದರಿಂದ ಉಪಕ್ರಮಿಸಿ, ಕಿಡಿಯಿಲ್ಲದೆ ಬೆಂಕಿ ಹೊತ್ತಿಸುವ ರಹಸ್ಯವನ್ನು, ಅಂದರೆ ಗಾಳಿಯನ್ನು ಇಪ್ಪತ್ತು ಪಾಲಿಗೂ ಕಿರಿದಾಗಿ ಅದುಮಿದರೆ ಅದು 500 ಡಿಗ್ರಿ ಮೀರಿ ಕಾದು ಡೀಸೆಲನ್ನು ತಾನಾಗಿಯೇ ಉರಿಸುವ ಬಗೆಯನ್ನು, ನನ್ನನ್ನು ಕಾಣಲು ಬಂದ ಪ್ರತಿಯೊಬ್ಬ ಅತಿಥಿಗೂ ಆದಿಯಿಂದ ನಿರೂಪಿಸುತ್ತಿದ್ದರು. ಮದುವೆಯ ಕರೆಯೋಲೆ ಕೊಡಬಂದ ದಂಪತಿಗಳು ಕೊಡುವುದನ್ನೇ ಮರೆತು ಹೊರಟುಹೋದದ್ದುಂಟು.

ಕೊನೆಗೆ ಮೇಸ್ತ್ರಿಯೊಬ್ಬ ಕಂಪ್ರೆಷನ್ ಗೇಜನ್ನು ತಂದನು. ಆರೋಗ್ಯವಾಗಿರುವ ಡೀಸೆಲ್ ಎಂಜಿನು ಚದರಂಗುಲಕ್ಕೆ ಸುಮಾರು 400 ಪೌಂಡಿನ ಒತ್ತಡ ತೋರಬೇಕಂತೆ. ಒಂದು, ಎರಡು, ನಾಲ್ಕನೆಯ ಸಿಲಿಂಡರುಗಳು ವಯಸ್ಸಿಗೆ ತಕ್ಕ ಮರ್ಯಾದೆಯಿಂದ 370ರ ಆಚೀಚೆ ನಿಂತವು. ಮೂರನೆಯದು ಮಾತ್ರ 250ನ್ನು ದಾಟಲೊಲ್ಲದು. ವಾಲ್ವೋ ರಿಂಗೋ ಎಂದು ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಿರುವಾಗ ರಾಯರು ಎದ್ದು ನೇರವಾಗಿ ನಮ್ಮ ಅಡಿಗೆಮನೆಯನ್ನು ಹೊಕ್ಕು, ಗೌರಿಹಬ್ಬಕ್ಕೆ ಮಾತ್ರ ಹೊರಬರುವ ಬೆಳ್ಳಿಯ ಪಾಯಸದ ಚಮಚವನ್ನು ಹಿಡಿದುಕೊಂಡು ಹೊರಬಂದರು. ಅದರಲ್ಲಿ ಆಯಿಲನ್ನು ತುಂಬಿ, ಕೈ ಕಿಂಚಿತ್ತೂ ನಡುಗದಂತೆ, ಮೂರನೆಯ ಸಿಲಿಂಡರಿಗೆ ಎರೆದರು. ಮತ್ತೆ ಸ್ಟಾರ್ಟರ್ ತಿರುಗಿತು. ಮುಳ್ಳು 340ಕ್ಕೆ ಏರಿತು. “ನೋಡಿದಿರೋ! ಎಣ್ಣೆ ಸಂದನ್ನು ಮುಚ್ಚಿದ್ದಕ್ಕೆ ಏರಿತು. ವಾಲ್ವು ಹೋಗಿದ್ದರೆ ಏರುತ್ತಿತ್ತೆ? ರಿಂಗು!” ಎಂದರು. ಮೇಸ್ತ್ರಿ ಕೈಮುಗಿದನು. ನನ್ನ ಮನೆಯವರು ಬಾಗಿಲಲ್ಲಿ ನಿಂತು ಚಮಚವನ್ನೇ ನೋಡುತ್ತಿದ್ದರು. ಆ ನೋಟದ ಒತ್ತಡವನ್ನು ಅಳೆಯಬಲ್ಲ ಗೇಜು ಮೇಸ್ತ್ರಿಯ ಬಳಿ ಇರಲಿಲ್ಲ.

ರಿಂಗು ಬದಲಾಯಿತು, ಹೆಡ್ ಗ್ಯಾಸ್ಕೆಟ್ ಹೊಸದಾಯಿತು, ನೋಝಲ್ಲುಗಳು ಮತ್ತು ಪಂಪು ಸರ್ವಿಸಿಗೆ ಹೋಗಿ ಬಂದವು, ಟ್ಯಾಂಕಿನ ತಳದಲ್ಲಿದ್ದ ಕೆಸರುನೀರು ಹೊರಬಿತ್ತು. ಹಣ ಹೋದ ದಾರಿಯನ್ನು ವಿಸ್ತರಿಸುವುದು ಅನಾವಶ್ಯಕ. ಏರ್‌ಲಾಕ್ ತೆಗೆಯುವಾಗ ರಾಯರ ಮುಖವನ್ನು ನೋಡಬೇಕಾಗಿತ್ತು: ಪಂಪಿನ ತಿರುಪನ್ನು ಸಡಿಲಿಸಿ ಪ್ರೈಮರನ್ನು ಒತ್ತುತ್ತಿದ್ದಂತೆ ನೊರೆನೊರೆಯಾಗಿ ಗುಳ್ಳೆಗಳು ಬಂದು, ಕ್ರಮೇಣ ವಿರಳವಾಗಿ, ಕಟ್ಟಕಡೆಗೆ ಶುದ್ಧ ಡೀಸೆಲ್ ಏಕಧಾರೆಯಾಗಿ ಹರಿದಾಗ, ಈ ತಪಾಸಣಾಧಿಕಾರಿ ಮಗುವಿನಂತೆ ನಕ್ಕುಬಿಟ್ಟರು. ಎಂಜಿನು ಎದ್ದಿತು. ಮೊದಲು ಬಿಳಿಯ ಹೊಗೆ ಮೋಡವಾಗಿ ಹೊರಟು ಎದುರುಮನೆಯ ಹಪ್ಪಳಗಳನ್ನು ಆವರಿಸಿತು. ಅವರು ಕೂಗುತ್ತಿರುವಾಗಲೇ ತೆಳುವಾಗಿ, ಕಾಣದಾಯಿತು. ರಾಯರು ಸೈಲೆನ್ಸರಿನ ಬಳಿ ಕುಳಿತು ಅಂಗೈಯಿಂದ ಗಾಳಿಯನ್ನು ಮೂಗಿನ ಕಡೆಗೆ ಬೀಸಿಕೊಳ್ಳುತ್ತಿದ್ದರು.

ಅವರ ಮಗನಲ್ಲಿಯೂ ಒಂದು ಡೀಸೆಲ್ ಕಾರಿದೆ, ಕಾಮನ್‌ರೈಲಿನದು, ಹೊಸದು. ಒಮ್ಮೆ ಅದರ ಬಾನೆಟ್ಟನ್ನು ತೆರೆಸಿ ನೋಡಿದರು. ಎಂಜಿನಿನ ಮೇಲೆ ಕರಿಯ ಪ್ಲಾಸ್ಟಿಕ್ ಮುಚ್ಚಳ, ಸದ್ದು ಅಡಗಿದೆ, ಹೊಗೆ ಇಲ್ಲವೇ ಇಲ್ಲ, ದೋಷವೇನಿದ್ದರೂ ಗಣಕಯಂತ್ರಕ್ಕೆ ಅದು ತಾನೇ ಹೇಳಿಕೊಳ್ಳುತ್ತದೆ. “ಚೆನ್ನಾಗಿದೆಯಪ್ಪಾ” ಎಂದಷ್ಟೇ ಹೇಳಿ ಒಳಗೆ ಹೋದರಂತೆ. ತಮ್ಮ ಇಂದ್ರಿಯಗಳಿಂದ ಲೋಕವನ್ನು ಬಲ್ಲವರಿಗೆ ಈ ಲೋಕದಲ್ಲಿ ಸ್ಥಳ ಕಿರಿದಾಗುತ್ತಿದೆಯಲ್ಲಾ ಎಂದು ನಾನು ಮರುಗಲು ತೊಡಗಿದ್ದೆನಾದರೂ, ಆ ಮರುಕ ಎಮಿಷನ್ ಪರೀಕ್ಷೆಯ ತನಕ ಬಾಳಲಿಲ್ಲ.

ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಂತಿದ್ದ ವ್ಯಾನಿನ ಹುಡುಗ ಸೈಲೆನ್ಸರಿಗೆ ಕೊಳವೆ ತೂರಿಸಿ, “ಅಂಕಲ್, ಪೂರ್ತಿ ಆಕ್ಸಿಲರೇಟರ್ ಒತ್ತಿ” ಎಂದನು. “ಮುಟ್ಟಬೇಡಿ!” ಎಂದರು ರಾಯರು. ಹೊಸ ರಿಂಗು ಬೋರಿಗೆ ಹೊಂದಿಕೊಳ್ಳುವ ಮೊದಲು ಎಂಜಿನನ್ನು ಕಿರುಚಿಸಲಾಗದೆಂದು ಅವರು. ಕಿರುಚಿಸದೆ ಡೀಸೆಲ್ ಗಾಡಿಯ ಹೊಗೆಯನ್ನು ಅಳೆಯಲಾಗದೆಂದು ಅವನು. ಇಬ್ಬರ ಹೇಳಿಕೆಯೂ ನಿಜವಾಗಿದ್ದುದರಿಂದ ನಾನು ಪೆಡಲಿನ ಮೇಲೆ ಕಾಲಿಟ್ಟುಕೊಂಡು ಯಾರ ಮುಖವನ್ನೂ ನೋಡದೆ ಒತ್ತಿದೆ. ಯಂತ್ರ 58 ಎಂದು ಅಚ್ಚುಹಾಕಿತು. ನಮ್ಮಂಥ ಹಳೆಯ ಗಾಡಿಗೆ 65ರ ತನಕ ಅನುಮತಿ.

“ಪಾಸು” ಎಂದನು ಹುಡುಗ.

“ಐವತ್ತೆಂಟೆ?” ಎಂದು ರಾಯರು ಚೀಟಿಯನ್ನು ಬೆಳಕಿಗೆ ಹಿಡಿದರು. “ಸಾಧ್ಯವಿಲ್ಲ. ನಾನು ನೋಡಿದ ಹೊಗೆ ನಲವತ್ತನ್ನು ಮೀರದು. ನಿನ್ನ ಯಂತ್ರದ ಗಾಜನ್ನು ಒರೆಸಿ ಎಷ್ಟು ದಿನವಾಯಿತಪ್ಪಾ?” ಹಿಂದೆ ಆಟೋಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ರಾಯರು ಪಂಚೆಯನ್ನು ಎತ್ತಿಕಟ್ಟಿ ವ್ಯಾನಿನೊಳಕ್ಕೆ ಹತ್ತಿದರು. ಹತ್ತಿದವರು ಕಿಟಕಿಯಿಂದ ತಲೆ ಹೊರಹಾಕಿ, ನಮ್ಮ ಮನೆಯಿಂದ ತಂದಿದ್ದ ಸಣ್ಣ ಸ್ಕ್ರೂಡ್ರೈವರನ್ನು ಕೊಡಿರೆಂದು ನನ್ನ ಕಡೆಗೆ ಕೈ ಚಾಚಿದರು.