ತಪ್ಪು ಎರಡೂ ಕಡೆ ಬೀಳಲಿ

ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಿನಲ್ಲಿ ಎಲೆಕ್ಟ್ರಾನಿಕ್ ಬೋರ್ಡುಗಳ ಮೇಲೆ ಬಿಡಿಭಾಗ ಕೂರಿಸುವ ಯಂತ್ರವೊಂದಿದೆ. ನಡೆಸುವವನು ನಮ್ಮ ದಾವಣಗೆರೆ ಜಿಲ್ಲೆಯ ನ್ಯಾಮತಿ ಕಡೆಯ ಹುಡುಗ, ಹಾಗಾಗಿ ಅದರ ಮಾತೂ ನಮ್ಮ ಕಡೆಯದೇ. ಅದು ಮಾಡಿದ ಬೋರ್ಡುಗಳಲ್ಲಿ ಕೆಲವು ತೂಕದ ಯಂತ್ರಗಳ ಹೊಟ್ಟೆ ಸೇರುತ್ತವೆ ಎಂದು ಕೇಳಿ, ಮೆಕ್ಕೆಜೋಳ ಮಾರಿ ಬಂದ ಸಿಟ್ಟಿನಲ್ಲೇ ಹೋಗಿ ಎದುರು ಕೂತೆ.

ನಾನು: ನಮಸ್ಕಾರ. ಹೇಗಿದ್ದೀರಿ?

ಯಂತ್ರ: ಹೇಗಿರ್ಲಿ? ಗಂಟೆಗೆ ಸಾವಿರಾರು ಬಿಡಿಭಾಗ ಎತ್ತಿ ಕೂರಿಸ್ತೀನಿ. ಒಂದೊಂದು ಒಂದು ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ. ಸೀನಿದ್ರೆ ಹಾರಿ ಹೋಗ್ತವೆ. ಒಂದು ಓರೆಯಾದ್ರೂ ಎಲ್ಲರ ಬೆರಳು ನನ್ನ ಕಡೆ. ನನಗಿಂತ ಮುಂಚೆ ಬೆಸುಗೆ ಪೇಸ್ಟ್ ಒತ್ತೋ ಯಂತ್ರ ಇದೆಯಲ್ಲ, ಅದನ್ನ ಯಾರೂ ಕೇಳಲ್ಲ!

ನಾನು: ನಿಮ್ಮಂಥ ಒಂದು ಯಂತ್ರ ಚನ್ನಗಿರಿಗೋ ಹೊನ್ನಾಳಿಗೋ ಯಾಕೆ ಬರುವುದಿಲ್ಲ? ನಮ್ಮ ಹುಡುಗರೇ ಇಲ್ಲಿಗೆ ಯಾಕೆ ಬರಬೇಕು?

ಯಂತ್ರ: ಮೊದಲು ಪರೀಕ್ಷೆ ವಿಷಯ ಕೇಳ್ರಿ. ಐಪಿಸಿ-9850 ಅಂತ ಒಂದು ಮಾನದಂಡ, 2002ರಲ್ಲಿ ಬಂದದ್ದು. ಅಂಟು ಹಾಕಿದ ಗಾಜಿನ ಫಲಕ ಇಟ್ಟು ಕೂರಿಸು ಅಂತಾರೆ. ಆಮೇಲೆ ಬೇರೆ ಒಂದು ಅಳತೆ ಯಂತ್ರ ಉದ್ದಕ್ಕೆ ಎಷ್ಟು ಜರುಗಿದೆ, ಅಡ್ಡಕ್ಕೆ ಎಷ್ಟು, ಎಷ್ಟು ತಿರುಗಿದೆ ಅಂತ ಬರ್ಕೊಳ್ತದೆ. ನನಗೇ ಕ್ಯಾಮೆರಾ ಇದೆ, ನಾನೇ ಹೇಳ್ತೀನಿ ಅಂದ್ರೆ ಒಪ್ಪಲ್ಲ.

ನಾನು: ಅದೇ ಸರಿಯಲ್ಲವೇ? ತೂಗುವವನೇ ತೂಕ ಸರಿಯಿದೆ ಎಂದರೆ...

ಯಂತ್ರ: ನಮ್ಮನ್ನ ಮಾರೋರದ್ದು ಇನ್ನೊಂದು ಕಥೆ. ‘ನಿಖರತೆ ±40 ಮೈಕ್ರಾನ್’ ಅಂತ ದಪ್ಪಕ್ಷರ. ಮೂರು ಸಿಗ್ಮಾಕ್ಕೋ ನಾಲ್ಕಕ್ಕೋ ತಿಳ್ಕೊಳ್ಳಾಕೆ ಭೂತಗನ್ನಡಿ ಬೇಕು.

ನಾನು: ಸಿಗ್ಮಾ ಎಂದರೆ?

ಯಂತ್ರ: ಚದುರುವಿಕೆ. ಮಿತಿ ಆ ಕಡೆ 100, ಈ ಕಡೆ 100 ಮೈಕ್ರಾನ್ ಅನ್ನಿ. ನನ್ನ ಸಿಗ್ಮಾ 25. ಇನ್ನೂರನ್ನ ಆರು ಸಿಗ್ಮಾದಿಂದ, ಅಂದ್ರೆ 150ರಿಂದ ಭಾಗಿಸಿ: 1.33. ಅದು ಸಿಪಿ. ನಡುವೆ ಸರಿಯಾಗಿ ನಿಂತಿದ್ರೆ ಹತ್ತು ಲಕ್ಷಕ್ಕೆ ಸುಮಾರು 63 ಮಾತ್ರ ಮಿತಿ ದಾಟ್ತವೆ. ಈಗ ನಾನು 25 ಮೈಕ್ರಾನ್ ಬಲಕ್ಕೆ ವಾಲಿದೆ ಅನ್ನಿ, ಮಿಲಿಮೀಟರಿನ ನಲವತ್ತರಲ್ಲಿ ಒಂದು ಪಾಲು. ಸಿಪಿ ಕದಲಲ್ಲ. ಆದ್ರೆ ಹತ್ತಿರದ ಮಿತಿಗೆ ಉಳಿದದ್ದು 75, ಮೂರು ಸಿಗ್ಮಾನೂ 75. ಅದನ್ನ ಇದರಿಂದ ಭಾಗಿಸಿದ್ರೆ ಸಿಪಿಕೆ, ಅದು ಒಂದಕ್ಕೆ ಇಳೀತು. ದಾಟೋವು 1,350! ಅಷ್ಟಕ್ಕೇ ಲೈನ್ ನಿಲ್ಲಿಸಿ ಬೈತಾರೆ.

ನಾನು: ಹಾಗಾದರೆ ನನಗೊಂದು ಲೆಕ್ಕ ಮಾಡಿಕೊಡಿ. ಜಗಳೂರಿನ ರೈತ ಮನೆಯಲ್ಲಿ 60 ಕೆ.ಜಿ. ತೂಗಿ ತಂದ ಚೀಲ, ವ್ಯಾಪಾರಿಯ ಯಂತ್ರದಲ್ಲಿ 58. ಮುಂದಿನದೂ 58. ನೂರನೆಯದೂ 58.

ಯಂತ್ರ: ಭಲೇ! ಚದುರುವಿಕೆಯೇ ಇಲ್ಲ. ಸಿಪಿ ಮುಗಿಲಿಗೆ!

ನಾನು: ಸಿಪಿಕೆ?

ಯಂತ್ರ: (ತಡೆದು) ಸರಾಸರಿಯೇ ಮಿತಿಯಾಚೆ ಹೋದ್ರೆ ಸೊನ್ನೆಗಿಂತ ಕೆಳಗೆ. ನಾನು ಆ ಸ್ಥಿತಿಗೆ ಬಂದ್ರೆ ಗುಜರಿಗೆ ಹಾಕ್ತಾರ್ರೀ.

ನಾನು: ವ್ಯಾಪಾರಿಗೆ ಏನೂ ಆಗುವುದಿಲ್ಲ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಸುಗ್ಗಿಯಲ್ಲಿ ಪೇಟೆಯ ದರ ಅದಕ್ಕಿಂತ ಬಹಳ ಕೆಳಗೆ. ತೇವ ಶೇ 14 ದಾಟಬಾರದಂತೆ. ತೇವದ ಮೀಟರು ಅವನದು, ತೂಕದ ಯಂತ್ರ ಅವನದು, ಅಂಕಿ ಕಾಣುವುದೂ ಅವನಿಗೇ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ಎಲೆಕ್ಟ್ರಾನಿಕ್ ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ಪರೀಕ್ಷೆ, ಮುದ್ರೆ ಕಡ್ಡಾಯ. ಮುದ್ರೆ ಯಾವಾಗಿನದು ಎಂದು ಕೇಳಿದರೆ ‘ಬೇಕಾದ್ರೆ ಬೇರೆ ಕಡೆ ಹಾಕ್ಕೋ ಹೋಗು’. ಬೀಜ, ಗೊಬ್ಬರಕ್ಕೆ ಸಾಲ ಕೊಟ್ಟವನೂ ಅವನೇ. ಬೇರೆ ಕಡೆ ಎಲ್ಲಿದೆ? ಇದರ ಮೇಲೆ ತೂಕದಲ್ಲಿ ಮುರಿದುಕೊಳ್ಳುವ ಸೂಟು, ಹಮಾಲಿ. ಒಬ್ಬ ರೈತನ 60 ಕೆ.ಜಿ. ಚೀಲವಾದರೂ 62 ತೋರಿಸಿದ್ದುಂಟೇ? ಯಂತ್ರ ವಾಲಬಹುದು. ವಾಲಿದ್ದು ಗೊತ್ತಿದ್ದೂ ತಿದ್ದದೆ ದುಡ್ಡೆಣಿಸುವುದು ಕಳವು.

ಯಂತ್ರ: ಮೇಜು ಗುದ್ದಬೇಡ್ರಿ, ನನ್ನ ಸಿಗ್ಮಾ ಕೆಡ್ತದೆ. ಒಂದು ಗುಟ್ಟು ಹೇಳ್ತೀನಿ. ನಾನು ತುಸು ಓರೆ ಕೂರಿಸಿದ್ರೂ ಒಲೆಯಲ್ಲಿ 217 ಡಿಗ್ರಿ ದಾಟಿ ಬೆಸುಗೆ ಕರಗಿದಾಗ, ಅದರ ಮೇಲ್ಮೈ ಎಳೆತವೇ ಸಣ್ಣ ಬಿಡಿಭಾಗಗಳನ್ನ ಜಾಗಕ್ಕೆ ಎಳ್ಕೊಳ್ತದೆ.

ನಾನು: ರೈತನಿಗೆ ಅಂಥ ಬೆಸುಗೆ ಯಾವುದು? ಎಪಿಎಂಸಿಯೇ?

ಯಂತ್ರ: ಆ ಪೇಸ್ಟ್ ಒತ್ತೋ ಯಂತ್ರದ ವಿಷಯಕ್ಕೆ ಬರೋಣ...

ನಾನು: ಬೇಡ. ಮುದ್ರೆ ಬಿದ್ದ 20 ಕೆ.ಜಿ. ತೂಕದ ಬಟ್ಟೊಂದು ಪ್ರತಿ ಖರೀದಿ ಅಂಗಳದಲ್ಲೂ ಇರಲಿ. ಯಾವ ರೈತ ಬೇಕಾದರೂ ಅದನ್ನೆತ್ತಿ ಯಂತ್ರದ ಮೇಲಿಟ್ಟು ನೋಡಲಿ. ನಿಮಗೆ ಗಾಜಿನ ಫಲಕವಿರುವಾಗ ನಮಗೊಂದು ಕಬ್ಬಿಣದ ಬಟ್ಟು ದುಬಾರಿಯೇ?

ಯಂತ್ರ: ಇಷ್ಟು ಹೊತ್ತು ನಿಮ್ಮ ಅಳತೇನೇ ತೆಗೀತಿದ್ದೆ. ಏನು ಕೇಳಾಕೆ ಹೊರಟ್ರೂ ಬಂದು ಬೀಳೋದು ಮೆಕ್ಕೆಜೋಳಕ್ಕೇ. ಚದುರುವಿಕೆ ಸೊನ್ನೆ, ಸರಾಸರಿ ಮಾತ್ರ ಪೂರ್ತಿ ಜಗಳೂರಿಗೆ ಜರುಗಿದೆ. ತಿದ್ದಲೇನು?

ನಾನು: ಬಟ್ಟು ಬರುವ ತನಕ ಬೇಡ.