ಬೀಗ ಹಾಕಿದ ಹೊಳೆ

ಬೆಂಗಳೂರಿನಿಂದ ದಸರಾ ರಜೆಗೆ ತಿಪಟೂರಿಗೆ ಬಂದ ಮೊಮ್ಮಕ್ಕಳಿಗೆ ಹೊಳೆ ತೋರಿಸುವುದು ತಾತಂದಿರ ಪಾಲಿಗೆ ತಲೆನೋವಿನ ಕೆಲಸ. ಚಿಕ್ಕನಾಯಕನಹಳ್ಳಿಯವರಿಗೆ ಬೋರನಕಣಿವೆಯಲ್ಲಿ ಸುವರ್ಣಮುಖಿ ಇದ್ದಾಳೆ, ಆದರೆ ಹೆಸರಿನಲ್ಲಿರುವಷ್ಟು ಸಿರಿ ನೀರಿನಲ್ಲಿಲ್ಲ. ತಿಪಟೂರು, ತುರುವೇಕೆರೆಗೆ ಹೊಳೆ ಬರುವುದೇ ನಾಲೆಯಲ್ಲಿ. ಮೂಡಿಗೆರೆ ಕಡೆ ಹುಟ್ಟಿ ಕಾವೇರಿ ಸೇರಬೇಕಾದ ಹೇಮಾವತಿ, 1979ರಲ್ಲಿ ಮುಗಿದ ಗೊರೂರು ಅಣೆಕಟ್ಟಿನಲ್ಲಿ ಗೇಟು ಎತ್ತಿದರೆ ಇತ್ತ ತಲೆ ಹಾಕುತ್ತಾಳೆ.

"ಹೊಳೆಗೂ ಬೀಗ ಹಾಕ್ತಾರಾ ತಾತ?"

"ಹೂಂ ಮಗ. ಕೀಲಿಕೈ ಇಂಜಿನಿಯರ್ ಹತ್ರ, ಇಂಜಿನಿಯರ್ ಕೀಲಿಕೈ ಮಂತ್ರಿ ಹತ್ರ."

ನಾಲೆ ನೀರು ಕುಡಿಯೋಕೆ, ಕೆರೆ ತುಂಬಿಸೋಕೆ, ತೋಟಕ್ಕೆ, ಎಮ್ಮೆ ಮೈ ತೊಳೆಯೋಕೆ ಅಂತ ತಾತ ಪಾಠ ಒಪ್ಪಿಸುತ್ತಿರುವಾಗಲೇ ಮೊಮ್ಮಗಳ ಕಣ್ಣು ನಾಲೆ ಏರಿಯ ಮೇಲೆ ತೆಂಗಿನ ಗರಿ ಹೊದ್ದು ಮಲಗಿದ್ದ ಪಂಪ್‌ಸೆಟ್ಟಿನ ಮೇಲೆ. "ಇದು ಯಾರದು?"

ತಾತ ಅವಳನ್ನು ಮನೆಗೆ ಕರೆತಂದು ಮಾತನ್ನು ಅಟ್ಟಕ್ಕೆ ಹತ್ತಿಸಿದರು. ಒಣಗಿದ ಕಾಯಿಯೊಂದನ್ನು ಅವಳ ಕಿವಿಯ ಹತ್ತಿರ ಅಲ್ಲಾಡಿಸಿದರೆ ನೀರಿನ ಸದ್ದಿಲ್ಲ, ಒಳಗೆ ಗಿಟುಕು ಲೊಟಲೊಟ. ತಿಂಗಳುಗಟ್ಟಲೆ ಅಟ್ಟದಲ್ಲಿ ಕೂತು ನೀರೆಲ್ಲ ಬತ್ತಿದ ಮೇಲೇ ಇದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಎಂದರು.

"ಮತ್ತೆ ನಾಲೆ ಬತ್ತಿದ್ರೆ ಯಾಕೆ ರಸ್ತೆ ತಡೆ ಮಾಡ್ತೀರಾ?"

ಎಳನೀರು ಕೆತ್ತಬೇಕೆಂದು ತಾತನಿಗೆ ತಟ್ಟನೆ ನೆನಪಾಯಿತು.